ವೀಗನ್ ಮಾತು ಬಂದಾಗ ಸಮಾಧಾನದಲ್ಲಿ ಇರುವುದು ಹೇಗೆ? ಕುಡ್ಲ (ಮಂಗಳೂರು), ಉಡುಪಿಯವರು ಹೇಳಿ

ಕಾಯಿಹಾಲು_ಕದ್ರಿ

ನಾನು ವೀಗನ್. ಮೀನು, ಮಾಂಸ, ಮೊಟ್ಟೆ ಇಲ್ಲ. ಹಾಲು, ಮೊಸರು, ತುಪ್ಪ, ಜೇನೂ ಇಲ್ಲ. ಊಟಕ್ಕೆ ತೊಂದರೆ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನೀರುದೋಸೆ, ಪತ್ರೊಡೆ, ಕೊಟ್ಟೆ ಕಡುಬು, ಕಡ್ಲೆ ಮನೋಳಿ, ಉಪ್ಪಡ್ ಪಚ್ಚಿಲ್. ಈ ಊರಲ್ಲಿ ತೆಂಗಿನಕಾಯಿ ಇರುವ ತನಕ ನಾನು ಉಪವಾಸ ಬೀಳುವುದಿಲ್ಲ.

ತೊಂದರೆ ಇರುವುದು ಮಾತಿನಲ್ಲಿ. ಮದುವೆಗೆ ಹೋದರೂ ಅದೇ, ಆಫೀಸಲ್ಲಿ ಬುತ್ತಿ ಬಿಚ್ಚಿದರೂ ಅದೇ. "ಹಾಲು ಕುಡಿದ್ರೆ ದನ ಸಾಯ್ತದಾ?" "ನಿಮ್ಮ ಅಜ್ಜಿ ತುಪ್ಪ ತಿಂದೇ ಅಷ್ಟು ವರ್ಷ ಬದುಕಲಿಲ್ವಾ?" "ಇದೆಲ್ಲ ಫಾರಿನ್ ಫ್ಯಾಷನ್." ಮೊದಲ ಎರಡಕ್ಕೆ ಹೇಗೋ ಉತ್ತರ ಕೊಡುತ್ತೇನೆ. ಮೂರನೆಯದಕ್ಕೆ ಬರುವಾಗ ಕಿವಿ ಬಿಸಿಯಾಗಿರುತ್ತದೆ. ಸ್ವರ ಏರುತ್ತದೆ. ಆಮೇಲೆ ನಾನು ಹೇಳಿದ್ದು ಯಾರಿಗೂ ನೆನಪಿಲ್ಲ, ಕೂಗಿದ್ದು ಮಾತ್ರ ಎಲ್ಲರಿಗೂ ನೆನಪು.

"ಮಾತಾಡಲೇ ಬೇಡಿ" ಅನ್ನುವ ಸಲಹೆ ಬೇಡ. ಸುಮ್ಮನಿರುವುದಾದರೆ ನಾನು ಇದನ್ನು ಕೇಳುತ್ತಲೇ ಇರಲಿಲ್ಲ. ವೀಗನ್ ಅಲ್ಲದವರೂ ಬರೆಯಿರಿ. ನಮ್ಮ ಯಾವ ಮಾತಿಗೆ ನಿಮಗೆ ಪಿತ್ತ ಕೆರಳುತ್ತದೆ ಅಂತ ಗೊತ್ತಾದರೂ ಉಪಕಾರ.

ಸುಮ್ನೆ_ಒಬ್ಬ

ಗಿಡಕ್ಕೂ ಜೀವ ಉಂಟು ಮಾರಾಯ್ರೆ. ಜಗದೀಶಚಂದ್ರ ಬೋಸರು ಅಷ್ಟು ಕಷ್ಟಪಟ್ಟು ತೋರಿಸಿದ್ದು ಎಂತಕ್ಕೆ? ಬಸಳೆ ಕೊಯ್ಯುವಾಗ ಅದು ಅಳುವುದು ನಿಮಗೆ ಕೇಳುವುದಿಲ್ವಾ?

ಹಳೆ_ವೀಗನ್_ಅಂಬಲಪಾಡಿ

ಬಂತು ನೋಡಿ, ಮೊದಲ ಉತ್ತರವೇ ಇದು. ಇದಕ್ಕೆ ಎರಡು ರೀತಿ ಉತ್ತರಿಸಬಹುದು.

ಗಂಭೀರವಾಗಿ ಬೇಕಾದರೆ: ಬೋಸರು ತೋರಿಸಿದ್ದು ಗಿಡ ಬಿಸಿಗೆ, ವಿಷಕ್ಕೆ, ಪೆಟ್ಟಿಗೆ ಪ್ರತಿಕ್ರಿಯೆ ಕೊಡುತ್ತದೆ ಅಂತ. ಅದಕ್ಕೆ ನರವೂ ಇಲ್ಲ, ಮೆದುಳೂ ಇಲ್ಲ. ಇನ್ನು, ಫಾರಂ ಕೋಳಿ ತಿನ್ನುವುದು ಜೋಳ, ಸೋಯಾ. ಒಂದು ಕೆ.ಜಿ. ಕೋಳಿ ಮಾಂಸಕ್ಕೆ ಅದಕ್ಕಿಂತ ಜಾಸ್ತಿ ಕಾಳು ಖರ್ಚಾಗುತ್ತದೆ. ಗಿಡದ ಮೇಲೆ ನಿಜವಾಗಿ ಕನಿಕರ ಇದ್ದವನೂ ಕೋಳಿ ಬಿಡಬೇಕಾಗುತ್ತದೆ.

ಇನ್ನೊಂದು ಉತ್ತರ: "ಬಸಳೆ ಅಳುವುದು ಕೇಳಿಲ್ಲ, ನೀರುಳ್ಳಿ ಮಾತ್ರ ನನ್ನನ್ನೇ ಅಳಿಸುತ್ತದೆ."

ಇವರು ಕೇಳಿದ್ದು ತಮಾಷೆಗೆ. ತಮಾಷೆಗೆ ಮೊದಲನೇ ಉತ್ತರ ಕೊಟ್ಟರೆ ನೀವು ಎಷ್ಟೇ ಸರಿ ಇದ್ದರೂ ನಗೆಪಾಟಲು. ಕೇಳಿದವರಿಗೆ ಉತ್ತರ ಬೇಕಾ, ನಗು ಬೇಕಾ ಅಂತ ಮೊದಲು ನೋಡಿ. ನನ್ನ ಅರ್ಧ ಸಿಟ್ಟು ಇಳಿದದ್ದು ಇದೊಂದನ್ನು ರೂಢಿ ಮಾಡಿಕೊಂಡ ಮೇಲೆ.

ಸುಮ್ನೆ_ಒಬ್ಬ

ನೀರುಳ್ಳಿ ಪಾಸ್. ಮುಂದುವರಿಸಿ.

ಬೆಂದೂರ್_ಆಂಟಿ

ನಮ್ಮ ಕೆಥೊಲಿಕರಲ್ಲಿ ಮೊಂತಿ ಫೆಸ್ತ್ ಉಂಟಲ್ಲ, ಮೇರಿ ಮಾತೆಯ ಹುಟ್ಟುಹಬ್ಬ, ಸೆಪ್ಟೆಂಬರ್ 8ಕ್ಕೆ. ಅವತ್ತು ಮನೆಯಲ್ಲಿ ಮೀನಿಲ್ಲ, ಮಾಂಸ ಇಲ್ಲ. ವರ್ಷವಿಡೀ ಹಂದಿ, ಮೀನು ಬಿಡದವರು ಅವತ್ತು ಹೊಸ ಅಕ್ಕಿ, ತರಕಾರಿ ಪದಾರ್ಥ ತಿನ್ನುತ್ತಾರೆ. ಪದಾರ್ಥವೂ ಬೆಸ ಸಂಖ್ಯೆಯಲ್ಲೇ ಇರಬೇಕು. ಐದೋ, ಏಳೋ. ಯಾರೂ ಗೊಣಗುವುದಿಲ್ಲ. ಅದೇ ನನ್ನ ಸೊಸೆ ಬಂದು "ಮಾಮಿ, ನಾಳೆಯಿಂದ ದಿನಾ ಹೀಗೆ" ಅಂದರೆ ಅದೇ ಬೆಂಡೆಕಾಯಿ ಗಂಟಲಲ್ಲಿ ಇಳಿಯುವುದಿಲ್ಲ. ಪದಾರ್ಥ ಬದಲಾಗಲಿಲ್ಲ, ಹೇಳಿದವರು ಬದಲಾದರು ಅಷ್ಟೆ. ನೀವು ಎಷ್ಟು ಸಮಾಧಾನದಲ್ಲಿ ಹೇಳಿದರೂ ನಮಗೆ ಅದು "ನಿನ್ನ ಅಡುಗೆ ಸರಿ ಇಲ್ಲ" ಅಂತಲೇ ಕೇಳುತ್ತದೆ.

ರಥಬೀದಿ_ರಾಯರು

ಫಾರಿನ್ ಫ್ಯಾಷನ್ ಅಂದವರಿಗೆ ಚಾತುರ್ಮಾಸ್ಯ, ಅಂದರೆ ಮಳೆಗಾಲದಿಂದ ಶುರುವಾಗುವ ನಾಲ್ಕು ತಿಂಗಳ ವ್ರತ, ನೆನಪು ಮಾಡಿ. ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಎರಡನೇ ತಿಂಗಳು ದಧಿವ್ರತ, ಮೊಸರಿಲ್ಲ. ಮೂರನೇ ತಿಂಗಳು ಕ್ಷೀರವ್ರತ, ಹಾಲಿಲ್ಲ. ನಾಲ್ಕನೆಯದು ದ್ವಿದಳ ವ್ರತ, ಬೇಳೆಕಾಳು ಇಲ್ಲ. ಹಾಲು ಬಿಟ್ಟು ಒಂದು ತಿಂಗಳು ಅಡುಗೆ ನಡೆಸುವುದು ಉಡುಪಿಗೆ ಹೊಸದಲ್ಲ. ಇದನ್ನು ಹೇಳಿದರೆ ಎದುರಿನವರ ಬಾಯಿ ಮುಚ್ಚುತ್ತದೆ.

ಸಾವಿರಕಂಬ

ಮೂಡುಬಿದಿರೆಯ ಜೈನರ ಮನೆ ನಮ್ಮದು. ಗೆಡ್ಡೆ ಇಲ್ಲ, ಹೊತ್ತು ಮುಳುಗಿದ ಮೇಲೆ ಊಟ ಇಲ್ಲ. ಹಾಸ್ಟೆಲಲ್ಲಿ ಕೋರಿ ರೊಟ್ಟಿ ತಿನ್ನುವವರ ಮಧ್ಯೆಯೇ ಇದ್ದೆ. ಒಬ್ಬರೂ ವಾದಕ್ಕೆ ಬರಲಿಲ್ಲ. "ನಮ್ಮಲ್ಲಿ ಆಗುವುದಿಲ್ಲ" ಅಂದರೆ ಮುಗಿಯಿತು. ಈ ಜಿಲ್ಲೆಯಲ್ಲಿ ಅಷ್ಟು ಹೇಳಿದರೆ ಯಾರೂ ಮುಂದೆ ಕೇಳುವುದಿಲ್ಲ. ವೀಗನ್‌ನವರೂ ಹಾಗೇ ಹೇಳಬಹುದಲ್ವಾ?

ಹಳೆ_ವೀಗನ್_ಅಂಬಲಪಾಡಿ

ರಾಯರೇ, ಕ್ಷೀರವ್ರತದ ತಿಂಗಳಲ್ಲಿ ಹಾಲಿಲ್ಲ ನಿಜ, ಆದರೆ ಮೊಸರು ಬಡಿಸುತ್ತಾರೆ. ವಿಷಯ ಗೊತ್ತಿರುವ ಒಬ್ಬರು ಎದುರಿಗೆ ಇದ್ದರೆ ಅಲ್ಲೇ ಹಿಡಿಯುತ್ತಾರೆ. ಅದೂ ಅಲ್ಲದೆ ಬಾಯಿ ಮುಚ್ಚಿಸಿ ಎಂತ ಮಾಡುವುದು? ಬಾಯಿ ಮುಚ್ಚಿಸಿದ ಮಾವ ಮುಂದಿನ ಮದುವೆಯಲ್ಲಿ ಎರಡರಷ್ಟು ಜೋರಾಗಿ ಬರುತ್ತಾರೆ.

ಸಾವಿರಕಂಬ ಅವರೇ, ನಿಮ್ಮ ಮಾತು ತುಂಬ ಯೋಚನೆಗೆ ಹಚ್ಚಿತು. ಮೊಂತಿ ಫೆಸ್ತ್, ಚಾತುರ್ಮಾಸ್ಯ, ನಿಮ್ಮ ನಿಯಮ, ಇವೆಲ್ಲ "ಇದು ನನಗೆ" ಅನ್ನುವ ಮಾತು. ಅದರಲ್ಲಿ ಪಕ್ಕದವರ ಎಲೆಯ ಸುದ್ದಿ ಇಲ್ಲ. ಹಾಗಾಗಿ ಪಕ್ಕದವರಿಗೂ ನೆಮ್ಮದಿ. ನಮ್ಮದು ಹಾಗಲ್ಲ. ನಾನು ತುಪ್ಪ ಬಿಟ್ಟದ್ದು ನನ್ನ ಪುಣ್ಯಕ್ಕಲ್ಲ, ದನಕ್ಕೆ ಆಗುವುದು ಸರಿ ಅಲ್ಲ ಅಂತ. ದನಕ್ಕೆ ಸರಿ ಅಲ್ಲದ್ದು ನನ್ನ ಎಲೆಯಲ್ಲೂ ಸರಿ ಅಲ್ಲ, ನಿಮ್ಮ ಎಲೆಯಲ್ಲೂ ಅಲ್ಲ. ನಾನು ಬಾಯಿ ಬಿಡದಿದ್ದರೂ ಪಕ್ಕದವರಿಗೆ ಅದು ಕೇಳುತ್ತದೆ. ಅವರು ಮೊದಲೇ ತಯಾರಾಗಿ ಬರುವುದು ಅದಕ್ಕೇ.

ಹಾಗಾಗಿ "ನಮ್ಮಲ್ಲಿ ಆಗುವುದಿಲ್ಲ" ಅಂತ ನಾನು ಹೇಳುವುದಿಲ್ಲ. ಅಲರ್ಜಿ ಅಂತ ಸುಳ್ಳೂ ಹೇಳುವುದಿಲ್ಲ. ಆದರೆ ಎದುರಿನವರು ಸಿಡಿದಾಗ ಅವರು ಕೆಟ್ಟವರು ಅಂತ ಅನಿಸುವುದು ನಿಂತಿದೆ. ನಾನು ಆರೋಪ ಹೊರಿಸಿ ಕೂತಿದ್ದೇನೆ, ಅವರು ವಾದ ಮಾಡದೆ ಇರುತ್ತಾರಾ?

ಮಲ್ಪೆಯವ

ಕೇಳಿದ್ದೀರಿ, ಹೇಳುತ್ತೇನೆ. ನನಗೆ ಸಿಟ್ಟು ಬರುವುದು ನೀವು ಕೂಗಿದಾಗ ಅಲ್ಲ. ನೀವು ನಕ್ಕು ಮೆತ್ತಗೆ ಮಾತಾಡಿದಾಗ.

ಉಡುಪಿ ಪೇಟೆಯಲ್ಲಿ ಬಾಡಿಗೆ ಮನೆ ಹುಡುಕಿ ನೋಡಿ. ಮೊದಲ ಪ್ರಶ್ನೆ "ವೆಜ್ಜಾ, ನಾನ್‌ವೆಜ್ಜಾ?" ಅಂತ. ಅದನ್ನು ಕೇಳುವವರು ತುಂಬ ಶಾಂತವಾಗಿ ಕೇಳುತ್ತಾರೆ. ಕಾಫಿ ಕೊಟ್ಟು ಕೇಳುತ್ತಾರೆ. ಅವರು ಕೇಳುತ್ತಿರುವುದು ಊಟ ಅಲ್ಲ, ಜಾತಿ ಅಂತ ಇಬ್ಬರಿಗೂ ಗೊತ್ತಿರುತ್ತದೆ. ಶಾಲೆಯಲ್ಲಿ ನನ್ನ ಬುತ್ತಿ ಬಿಚ್ಚಿದರೆ ಮೂಗು ಮುಚ್ಚಿಕೊಂಡು ಆಚೆ ಸರಿದು ಕೂತವರು ಇದ್ದರು. ಅವರೂ ಬೈಯಲಿಲ್ಲ, ಶಾಂತವಾಗಿ ಸರಿದರು. ಈಗ ನೀವು ಬಂದು ಅದೇ ಸ್ವರದಲ್ಲಿ "ಮೀನಿಗೂ ನೋವಾಗುತ್ತದೆ" ಅಂದರೆ ನನ್ನ ಕಿವಿಗೆ ಬೀಳುವುದು ಯಾವುದು ಹೇಳಿ.

ಮೀನಿನ ಬಗ್ಗೆ ನಮಗೆ ಗೊತ್ತಿಲ್ಲ ಅಂತಲ್ಲ. ಜೂನ್ 1ರಿಂದ ಜುಲೈ 31ರ ತನಕ ಬೋಟ್ ಕಟ್ಟಿ ಹಾಕುತ್ತೇವೆ, ಮೊಟ್ಟೆ ಇಡುವ ಸಮಯ ಅಂತ. ಎರಡು ತಿಂಗಳು ದುಡಿಮೆ ಇಲ್ಲ. ಬಲೆಯಲ್ಲಿ ಬರುವ ಮರಿ ಮೀನನ್ನು ರಾಶಿ ಹಾಕಿ ಫಿಶ್‌ಮೀಲ್ (ಮೀನಿನ ಹುಡಿ) ಕಾರ್ಖಾನೆಗೆ ಕಳಿಸುವುದು ನೋಡಿದರೆ ನನಗೇ ಹೊಟ್ಟೆ ಉರಿಯುತ್ತದೆ. ಅದರ ಬಗ್ಗೆ ಮಾತಾಡಿ, ನಾನೂ ಬರುತ್ತೇನೆ. ನನ್ನ ಅಮ್ಮ ಬುಟ್ಟಿ ಹೊತ್ತು ಮಾರಿ ನಮ್ಮನ್ನು ಓದಿಸಿದ ಬೂತಾಯಿ ಮೀನಿನ ಬಗ್ಗೆ ಪಾಪ ಪುಣ್ಯ ಹೇಳಬೇಡಿ.

ಕಾಯಿಹಾಲು_ಕದ್ರಿ

ಮಲ್ಪೆಯವರೇ, ಬಾಡಿಗೆ ಮನೆಯ ಪ್ರಶ್ನೆ ನನ್ನನ್ನೂ ಕೇಳಿದ್ದಾರೆ. "ವೀಗನ್" ಅಂದದ್ದಕ್ಕೆ "ಓ, ನಮ್ಮವರೇ" ಅಂತ ಖುಷಿಪಟ್ಟು ಮುಂಗಡ ಕಡಿಮೆ ಮಾಡಿದರು. ಅವರ ಮನೆಯ ಫ್ರಿಜ್ ತುಂಬ ಹಾಲಿನ ಪ್ಯಾಕೆಟ್. ಅಲ್ಲಿ ನನಗೆ ಬಂದ ಸಿಟ್ಟು ನಿಮ್ಮ ಸಿಟ್ಟಿಗಿಂತ ಕಡಿಮೆ ಏನಲ್ಲ.

ಆದರೆ ಒಂದು ಕೇಳಬೇಕು. ಜಾತಿ ಬದಿಗಿಟ್ಟು ಬರೀ ಮೀನಿನ ವಿಷಯ ಮಾತಾಡಲು ಈ ಊರಲ್ಲಿ ಸಾಧ್ಯವೇ ಇಲ್ವಾ?

ಮಲ್ಪೆಯವ

ನೀವು ಮೊದಲು ಹಾಲು, ತುಪ್ಪದಿಂದ ಶುರು ಮಾಡಿ. ದೊಡ್ಡ ಮನೆಯವರ ಊಟದಲ್ಲಿ ಎದ್ದು ಹೇಳಿ. ಆಮೇಲೆ ನಮ್ಮ ಕಡೆ ಬನ್ನಿ. ಆಗ ಕೂತು ಕೇಳುತ್ತೇನೆ. ಒಪ್ಪುತ್ತೇನೆ ಅಂತ ಹೇಳಲಿಲ್ಲ.

ಹಳೆ_ವೀಗನ್_ಅಂಬಲಪಾಡಿ

ಇದು ನ್ಯಾಯದ ಮಾತು. ನಾನು ಕೂಡ ಅದೇ ಕ್ರಮ ಇಟ್ಟುಕೊಂಡಿದ್ದೇನೆ. ಸಸ್ಯಾಹಾರಿಗಳ ಜೊತೆ ಹಾಲಿನ ವಿಷಯ. ಅದು ಜಾಸ್ತಿ ಕಷ್ಟ, ಯಾಕೆಂದರೆ ಅವರಿಗೆ ತಾವು ಆಗಲೇ ದಡ ಸೇರಿದ್ದೇವೆ ಅಂತ ನಂಬಿಕೆ.

ಹಟ್ಟಿಮನೆ_ಕಾರ್ಕಳ

ಹಾಲಿನ ವಿಷಯ ಬಂತಲ್ಲ, ಈಗ ನನ್ನ ಸರದಿ. ನಮ್ಮದು ನಾಲ್ಕು ದನ. ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್), ಒಂದು ಜೆರ್ಸಿ, ಒಂದು ನಮ್ಮ ಊರ ತಳಿ ಮಲೆನಾಡು ಗಿಡ್ಡ. ಗಿಡ್ಡ ಅಪ್ಪನ ಕಾಲದ್ದು, ಮನೆಗೆ ಮಾತ್ರ. ಉಳಿದ ಹಾಲು ಹಾಲಿನ ಸೊಸೈಟಿಗೆ. ಫ್ಯಾಟ್ ನೋಡಿ ದುಡ್ಡು. ಸರಕಾರದ್ದು ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಉಂಟು, ಬಂದಾಗ ಬಂತು. ಹಿಂಡಿ ರೇಟು ನೋಡಿದರೆ ಉಳಿಯುವುದು ಗೊಬ್ಬರ ಮಾತ್ರ ಅನ್ನುವ ತಿಂಗಳೂ ಇವೆ.

ಒಬ್ಬರು ಬಂದು ನನ್ನನ್ನು "ದನದ ಶೋಷಣೆ ಮಾಡುವವ" ಅಂದರು. ಅವರ ಕಾಲಲ್ಲಿ ಬಿಳಿ ಶೂ. ಹಟ್ಟಿಯ ಒಳಗೆ ಕಾಲಿಡಲಿಲ್ಲ. ಅವರಿಗೆ ನಾನು ಹೇಳಿದ್ದನ್ನು ಇಲ್ಲಿ ಬರೆಯಲು ಆಗುವುದಿಲ್ಲ.

ಇನ್ನೊಬ್ಬಳು ಹುಡುಗಿ ಬಂದಿದ್ದಳು, ನನ್ನ ಮಗಳ ಗೆಳತಿ. ಅವಳೂ ವೀಗನ್ನೇ. ಹಾಲು ಕರೆಯುವ ಹೊತ್ತಿಗೆ ಬಂದು ನಿಂತಳು. ಮೊಬೈಲ್ ತೆಗೆಯಲಿಲ್ಲ. ಕರುವನ್ನು ಸ್ವಲ್ಪ ಹೊತ್ತು ಬಿಟ್ಟು, ಕೆಚ್ಚಲಿಗೆ ಹಾಲು ಇಳಿದ ಮೇಲೆ ಎಳೆದು ಕಂಬಕ್ಕೆ ಕಟ್ಟುತ್ತೇವಲ್ಲ, ಅದನ್ನು ನೋಡಿದಳು. ಕರು ಹಗ್ಗ ಜಗ್ಗುತ್ತಾ ಇತ್ತು, ಬಾಯಲ್ಲಿ ನೊರೆ. ದನ ಕುತ್ತಿಗೆ ತಿರುಗಿಸಿ ಅದನ್ನೇ ನೋಡುತ್ತಿತ್ತು. ಅವಳು ಒಂದೇ ಕೇಳಿದಳು: "ಗಂಡು ಕರು ಆದ್ರೆ ಎಂತ ಮಾಡ್ತೀರಿ ಅಂಕಲ್?"

ನನಗೆ ಥಟ್ಟನೆ ಉತ್ತರ ಬರಲಿಲ್ಲ. ಉಳಲು ಟಿಲ್ಲರ್ ಬಂದಾಗಿದೆ, ಎತ್ತು ಯಾರಿಗೆ ಬೇಕು? 2021ರಲ್ಲಿ ಗೋಹತ್ಯೆ ನಿಷೇಧದ ಹೊಸ ಕಾನೂನು ಜಾರಿಗೆ ಬಂದ ಮೇಲೆ ಕೊಳ್ಳುವವರೂ ಇಲ್ಲ. ಸಾಕಲು ಗತಿ ಇಲ್ಲದವರು ರಾತ್ರಿ ಕೊಂಡುಹೋಗಿ ಎಲ್ಲಾದರೂ ಬಿಟ್ಟು ಬರುತ್ತಾರೆ. ಹೈವೇ ಬದಿಯಲ್ಲಿ ಕಾಣುವುದು ಅವೇ. ಈಗ ಹೆಣ್ಣು ಕರುವೇ ಜಾಸ್ತಿ ಹುಟ್ಟುವ ವೀರ್ಯದ ಕಡ್ಡಿ ಸಿಗುತ್ತದೆ, ಅದಕ್ಕೆ ದುಡ್ಡು ಜಾಸ್ತಿ. ಇದನ್ನೆಲ್ಲ ನಾನು ಅವಳಿಗೆ ಹೇಳಿದೆ. ಅವಳು "ಹ್ಞೂಂ" ಅಂದಳು ಅಷ್ಟೆ. ಬೈದಿದ್ದರೆ ನಾನೂ ಬೈದು ಮರೆತುಬಿಡುತ್ತಿದ್ದೆ. ಬೈಯಲಿಲ್ಲ, ಹಾಗಾಗಿ ಮರೆಯಲಿಕ್ಕೂ ಆಗಲಿಲ್ಲ.

ದನ ಇನ್ನೂ ನಾಲ್ಕೇ ಉಂಟು. ನಾನು ವೀಗನ್ ಆದೆ ಅಂತ ಕಥೆ ಕಟ್ಟಬೇಡಿ.

ರಥಬೀದಿ_ರಾಯರು

ಹಾಲು ಬಿಟ್ಟವರಲ್ಲಿ ಗಾಂಧಿಯೂ ಒಬ್ಬರು, ಅದನ್ನು ಯಾರೂ ನೆನಪು ಮಾಡುವುದಿಲ್ಲ. 1912ರಲ್ಲಿ, ದಕ್ಷಿಣ ಆಫ್ರಿಕಾದಲ್ಲಿ ಇರುವಾಗ. ಕಲ್ಕತ್ತೆಯಲ್ಲಿ ಹಾಲಿಗಾಗಿ ದನ, ಎಮ್ಮೆಗೆ ಕೊಡುತ್ತಿದ್ದ ಹಿಂಸೆಯ ಬಗ್ಗೆ ಓದಿದ್ದೂ ಒಂದು ಕಾರಣ. 1918ರಲ್ಲಿ ಹಾಸಿಗೆ ಹಿಡಿದರು. ಡಾಕ್ಟರು ಹಾಲು ಬೇಕೇ ಬೇಕು ಅಂದರು. ಕಸ್ತೂರಬಾ ದಾರಿ ಹುಡುಕಿದರು: ನೀವು ಬಿಟ್ಟದ್ದು ದನದ್ದು, ಎಮ್ಮೆಯದ್ದು, ಆಡಿನ ಹಾಲು ಆಗಬಹುದಲ್ಲ ಅಂತ. ಕುಡಿದರು. ಮಾತು ಉಳಿಯಿತು, ಅದರ ಸತ್ವ ಹೋಯಿತು ಅನ್ನುವ ಅರ್ಥದಲ್ಲಿ ಅವರೇ ಬರೆದುಕೊಂಡಿದ್ದಾರೆ. ಅದೇ ಗಾಂಧಿ 1931ರಲ್ಲಿ ಲಂಡನ್ನಿನ ಸಸ್ಯಾಹಾರಿಗಳ ಸಭೆಯಲ್ಲಿ, ಬೇರೆಯವರನ್ನು ಒಲಿಸಬೇಕಾದರೆ ಸೈರಣೆ ಇರಲಿ, ಸ್ವಲ್ಪ ವಿನಯ ಇರಲಿ ಅಂತ ಹೇಳಿದರು.

ಮೊಸರಿನ ವಿಷಯ ಒಪ್ಪಿದೆ, ಹಳೆ ವೀಗನ್ ಅವರೇ.

ಮಣಿಪಾಲ್_ಮೆಸ್

ನಾನು ಆಹಾರಶಾಸ್ತ್ರ ಓದಿದವಳು. ವೀಗನ್ ಅಲ್ಲ. ನನ್ನ ಅನುಭವದಲ್ಲಿ ವಾದ ಬಿಸಿಯಾಗುವುದು ಆರೋಗ್ಯದ ವಿಷಯದಲ್ಲಿ. ಒಬ್ಬರು "ಹಾಲಿಲ್ಲದೆ ಮೂಳೆ ಮುರಿಯುತ್ತದೆ" ಅನ್ನುತ್ತಾರೆ, ಇನ್ನೊಬ್ಬರು "ಹಾಲೇ ವಿಷ" ಅನ್ನುತ್ತಾರೆ. ಎರಡೂ ಬಂಡಲ್.

ವೀಗನ್ ಕಡೆಯವರು ತಮ್ಮ ಕಡೆಯ ಕೊರತೆಯನ್ನು ಮೊದಲೇ ಹೇಳಿಬಿಟ್ಟರೆ ಜಗಳದ ಗಾಳಿ ಅರ್ಧ ಇಳಿಯುತ್ತದೆ. ವಿಟಮಿನ್ ಬಿ12 ಗಿಡಗಳಿಂದ ನಂಬುವಷ್ಟು ಸಿಗುವುದಿಲ್ಲ. ಮಾತ್ರೆ ತೆಗೆದುಕೊಳ್ಳಬೇಕು, ಇಲ್ಲವೇ ಬಿ12 ಸೇರಿಸಿದ ಆಹಾರ ತಿನ್ನಬೇಕು. ಇದರಲ್ಲಿ ನಾಚಿಕೆ ಎಂತದು? ಹಾಲು ಕುಡಿಯುವ ನಮ್ಮ ಸಸ್ಯಾಹಾರಿಗಳಲ್ಲೂ ಬಿ12 ಕಡಿಮೆ ಇರುವವರು ತುಂಬ ಜನ. ಕ್ಯಾಲ್ಸಿಯಂಗೆ ರಾಗಿ ಉಂಟು, 100 ಗ್ರಾಮಿನಲ್ಲಿ 300 ಮಿಲಿಗ್ರಾಂಗೂ ಜಾಸ್ತಿ. ಎಳ್ಳು ಉಂಟು. ಕಾಯಿಹಾಲು ಮಾತ್ರ ದನದ ಹಾಲಿಗೆ ಬದಲಿ ಅಲ್ಲ. ಅದರಲ್ಲಿ ಪ್ರೋಟೀನ್, ಕ್ಯಾಲ್ಸಿಯಂ ಎರಡೂ ಕಡಿಮೆ. ಕದ್ರಿಯವರು ಹೆಸರಿಗೆ ಸಿಟ್ಟಾಗಬೇಡಿ.

ಕಾಯಿಹಾಲು_ಕದ್ರಿ

ಸಿಟ್ಟಿಲ್ಲ. ಬಿ12 ಮಾತ್ರೆ ಬ್ಯಾಗಲ್ಲೇ ಉಂಟು. ಅದನ್ನು ನುಂಗುವುದು ಕಂಡರೆ "ನೋಡಿ, ಹಾಲು ಬಿಟ್ಟು ಮಾತ್ರೆ ತಿನ್ನುವ ಸ್ಥಿತಿ" ಅಂತ ಶುರುವಾಗುತ್ತದೆ. ಹೇಳುವವರ ಕಿಸೆಯಲ್ಲಿ ಬಿಪಿ ಮಾತ್ರೆ, ಶುಗರ್ ಮಾತ್ರೆ. ಇದನ್ನು ಹೇಳದೆ ನಾಲಿಗೆ ಕಚ್ಚಿ ಹಿಡಿಯುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಿಲ್ಲ.

ಎಲ್ಲರ ಮಾತು ಓದಿದ ಮೇಲೂ ನನ್ನ ದೊಡ್ಡ ಕಷ್ಟ ಅಮ್ಮನೇ. ಮಾವಂದಿರ ಹತ್ತಿರ ಬೇಕಾದರೆ ಬಸಳೆ, ನೀರುಳ್ಳಿ ಹೇಳಿ ತಪ್ಪಿಸಿಕೊಳ್ಳಬಹುದು. ಅಮ್ಮ ವಾದ ಮಾಡುವುದಿಲ್ಲ. ತುಪ್ಪದ ಚಮಚ ಹಿಡಿದು ನಿಂತೇ ಇರುತ್ತಾರೆ.

ಹಳೆ_ವೀಗನ್_ಅಂಬಲಪಾಡಿ

ಅಮ್ಮನ ಹತ್ತಿರ ವಾದ ಬೇಡ, ಅಡುಗೆಮನೆಗೆ ಹೋಗಿ. ನಾನು ಮಾಡಿದ್ದು ಹೇಳುತ್ತೇನೆ. ಹೆಸರುಬೇಳೆ ಪಾಯಸಕ್ಕೆ ನಮ್ಮಲ್ಲಿ ಮೊದಲಿನಿಂದಲೂ ಬೆಲ್ಲ, ಕಾಯಿಹಾಲು. ದನದ ಹಾಲು ಇಲ್ಲವೇ ಇಲ್ಲ. ಕೊನೆಗೆ ಗೇರುಬೀಜ ಹುರಿಯುವ ತುಪ್ಪ ಮಾತ್ರ ಅಡ್ಡ. ಅದನ್ನು ತೆಂಗಿನೆಣ್ಣೆಯಲ್ಲಿ ಹುರಿದು ಹಾಕಿದೆ, ಅಮ್ಮನ ಎದುರೇ. ಅವರು ರುಚಿ ನೋಡಿ "ತುಪ್ಪದ ಪರಿಮಳ ಇಲ್ಲ" ಅಂದರು. "ಇಲ್ಲ" ಅಂದೆ. ಅಷ್ಟೇ ಮಾತು. ಈಗ ಪಾಯಸ ಇಳಿಸುವ ಮೊದಲು ನನ್ನ ಪಾಲು ತೆಗೆದಿಟ್ಟು ಆಮೇಲೆ ತುಪ್ಪ ಹಾಕುತ್ತಾರೆ. ಅವರು ಒಪ್ಪಿಲ್ಲ. ನಾನು ಉಪವಾಸ ಇರುವುದಿಲ್ಲ ಅಂತ ಗೊತ್ತಾಗಿದೆ, ಅಷ್ಟು ಸಾಕು ಅವರಿಗೆ.

ಮದುವೆ ಊಟದಲ್ಲಿ: ಬಡಿಸುವವರು ತುಪ್ಪ ತರುವ ಮೊದಲೇ ಅನ್ನದ ಮೇಲೆ ಅಂಗೈ ಅಡ್ಡ ಹಿಡಿಯಿರಿ. ಅವರ ಕೈ ತುಂಬ ಸ್ಪೀಡ್. ಯಾರಾದರೂ "ಯಾಕೆ?" ಅಂದರೆ "ಊಟ ಆಗಲಿ, ಹೇಳ್ತೇನೆ" ಅನ್ನಿ. ಎಲೆಯ ಮುಂದೆ ದನದ ಕಥೆ ಹೇಳಿದರೆ ತಿನ್ನುವವರಿಗೆ ಅವಮಾನ, ಸುತ್ತ ಹತ್ತು ಜನ ಕೇಳುವಾಗ ಯಾರೂ ಸೋಲಲು ತಯಾರಿಲ್ಲ. ಕೈ ತೊಳೆದು ಬೀಡಾ ಹಾಕುವಾಗ ಹತ್ತಿರ ಬಂದು ಮತ್ತೆ ಕೇಳುವವರು ಒಬ್ಬರೋ ಇಬ್ಬರೋ. ಅವರ ಹತ್ತಿರ ಪೂರ್ತಿ ಹೇಳಿ, ಮೆತ್ತಗೆ ಮಾಡಬೇಡಿ.

ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಒಂದು ಅಕ್ಷರವೂ ಬೇಡ.

ಮಲ್ಪೆಯವ

ಇದರಲ್ಲಿ ಒಂದು ಸೇರಿಸಿ. ಕೋಲ, ತಂಬಿಲದ ದಿನ ದೈವಕ್ಕೆ ಕೋಳಿ ಕೊಡುವಲ್ಲಿ ಬಂದು ಪಾಠ ಮಾಡಬೇಡಿ. ಕರೆದರೆ ಬನ್ನಿ, ನೋಡಲು ಆಗದಿದ್ದರೆ ಬರಬೇಡಿ. ಅಲ್ಲಿ ನಿಂತು ಮುಖ ಸಿಂಡರಿಸಬೇಡಿ.

ಕಾಯಿಹಾಲು_ಕದ್ರಿ

ಬರುವುದಿಲ್ಲ. ಆದರೆ ಯಾಕೆ ಬರಲಿಲ್ಲ ಅಂತ ಕೇಳಿದರೆ ಹೇಳುತ್ತೇನೆ.

ಮಲ್ಪೆಯವ

ಹೇಳಿ. ನಾನೂ ನನ್ನದು ಹೇಳುತ್ತೇನೆ.

ಕಾಯಿಹಾಲು_ಕದ್ರಿ

ಹಟ್ಟಿಮನೆಯವರೇ, ಒಂದು ಸಂಜೆ ನಾನೂ ಬರಬಹುದಾ? ಹಳೆ ಚಪ್ಪಲಿ ಹಾಕಿ ಬರುತ್ತೇನೆ.

ಹಟ್ಟಿಮನೆ_ಕಾರ್ಕಳ

ಐದು ಗಂಟೆಗೆ ಮೊದಲು ಬನ್ನಿ, ಆಮೇಲೆ ಸೊಸೈಟಿಗೆ ಹೊರಡುವ ಗಡಿಬಿಡಿ. ಚಾ ಕೇಳಬೇಡಿ, ನಮ್ಮಲ್ಲಿ ಹಾಲು ಹಾಕದೆ ಮಾಡಿ ಗೊತ್ತಿಲ್ಲ. ಪುನರ್ಪುಳಿ ಶರಬತ್ ಇರುತ್ತದೆ.

ಸುಮ್ನೆ_ಒಬ್ಬ

ಎಲ್ಲ ಸರಿ. ಗೋಳಿಬಜೆಗೆ ಮೊಸರು ಹಾಕದಿದ್ದರೆ ಹುಳಿ ಎಲ್ಲಿಂದ ತರುವುದು? ಈ ಸಲ ತಮಾಷೆಗಲ್ಲ.

ಹಳೆ_ವೀಗನ್_ಅಂಬಲಪಾಡಿ

ನಿನ್ನೆಯ ಹುಳಿ ಬಂದ ಉದ್ದಿನ ದೋಸೆ ಹಿಟ್ಟು ಒಂದು ಸೌಟು, ಸ್ವಲ್ಪ ಲಿಂಬೆರಸ. ಮೈದಾಕ್ಕೆ ಕಲಸಿ ಎರಡು ಗಂಟೆ ಬಿಡಿ. ಸೋಡಾ ಚಿಟಿಕೆ ಸಾಕು, ಜಾಸ್ತಿ ಹಾಕಿದರೆ ಎಣ್ಣೆ ಕುಡಿಯುತ್ತದೆ.